ಒಂದೂವರೆ ಸುತ್ತು

ಕೀಬೋರ್ಡಿನ ಸಂದುಗಳಲ್ಲೂ ಅದೇ ಕೆಂಪು ಧೂಳು, ಹೊಸಪೇಟೆಯಲ್ಲಿ ಈಗ ಏನನ್ನು ಮುಟ್ಟಿದರೂ ಬೆರಳಿಗೆ ಸಂಡೂರಿನ ಬಣ್ಣ, ಸೈಬರ್ ಕೆಫೆಯ ಫ್ಯಾನು ಅದನ್ನೇ ಎತ್ತಿ ಅದನ್ನೇ ಹಾಕುತ್ತದೆ, ಹೊರಗೆ ಅದಿರಿನ ಲಾರಿ ಹೋದಾಗೊಮ್ಮೆ ಪರದೆ ಸಣ್ಣಗೆ ನಡುಗುತ್ತದೆ, ನಡುಗುವ ಪರದೆಯ ಮೇಲೆ ಕಂಪ್ಲಿಯ ಹೊನ್ನೂರುಸ್ವಾಮಿ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕೇಳಿದ್ದು ಹಾಗೇ ನಿಂತಿದೆ, ಪ್ರಾಣೇಶ್ ಸರ, ಮಾರಾಕ ಹಾಕಿದ ಫೋಟೋದಾಗ ಕೆಂಪು ಚುಕ್ಕಿ ಕಾಣವಲ್ದಲ್ರಿ, ನಿಮ್ಮ ಕಾರ್ಬುರೇಟರ್ ಆದ್ರ ಗಾಳಿ ಸ್ಕ್ರೂ ಮ್ಯಾಲೆ ಚುಕ್ಕಿ ಇರಬೇಕಲ್ಲ, ಸಂಡೂರು ರೇಸಿನಾಗ ನಾನ ಕಣ್ಣಾರೆ ನೋಡೀನಿ, ಇದು ನಿಮ್ದು ಹೌದೋ ಅಲ್ಲೋ — ಹೌದು ಅನ್ನಬೇಕು, ಒಂದೇ ಮಾತು, ಆದರೆ ಯಾರಾಗಿ ಅನ್ನುವುದು, ಏಳು ತಿಂಗಳಿಂದ ಅರ್ಚಿತಾ ಈ ಆನ್‌ಲೈನ್ ಗುಂಪಿನಲ್ಲಿ ಗಂಡನ ಹೆಸರಿನಲ್ಲೇ ಕೂರುತ್ತಾಳೆ, ಪ್ರಾಣೇಶನ ಪಾಸ್‌ವರ್ಡು, ಪ್ರಾಣೇಶನ ಹೆಲ್ಮೆಟ್ಟಿನ ಪುಟ್ಟ ಚಿತ್ರ, ರೇಸು ಬೈಕಿನ ಹಳೆ ಸಾಮಾನು ಕೊಳ್ಳುವ ಮಾರುವ ಈ ಹುಡುಗರಿಗೆ ಅವನು ಹೋದದ್ದು ಗೊತ್ತಿಲ್ಲ, ಗೊತ್ತಿಲ್ಲದವರು ಎಷ್ಟು ಹಿತ, ಸರ ಹೆಂಗದೀರಿ ಅನ್ನುತ್ತಾರೆ, ಆರಾಮ ಎಂದು ಬರೆಯುತ್ತಾಳೆ, ಬರೆದಷ್ಟು ಹೊತ್ತು ಅವನು ಆರಾಮ. ಬೈಕಿನ ಮೇಲಲ್ಲ ಅವನು ಹೋದದ್ದು, ಯಶವಂತನಗರದಿಂದ ಬರುವ ಗಣಿ ಕಂಪನಿ ಬಸ್ಸಿನಲ್ಲಿ, ಕಿಟಕಿಗೆ ತಲೆ ಆನಿಸಿ, ನಿದ್ದೆ ಅಂದುಕೊಂಡು ಪಕ್ಕದವರು ಎಬ್ಬಿಸಲೇ ಇಲ್ಲ.

ಮಾರಿ ಮಾರಿ ಚೈನು ಹೋಯಿತು, ಸೈಲೆನ್ಸರ್ ಹೋಯಿತು, ಉಳಿದದ್ದು ಈ ಕಾರ್ಬುರೇಟರ್ ಒಂದೇ, ಮುಷ್ಟಿಯಷ್ಟು ದೊಡ್ಡದು, ಇದನ್ನೂ ಕೊಡೂದಾದರ ಹೊಲಸು ಕೊಡಬ್ಯಾಡವಾ ಎಂದಿದ್ದರು ಅತ್ತೆ ಭೀಮಾಬಾಯಿ, ಮಂದಿ ಮನಿಗೆ ಹೋಗೂದು, ದೇವರ ಪಾತ್ರೆ ತಿಕ್ಕಿದ ಹುಣಸೆಹಣ್ಣು ಉಳದದ, ತಾ ಇಲ್ಲೆ — ಮೊದಲು ಪೆಟ್ರೋಲಿನಲ್ಲಿ ನೆನೆಸಿ, ಆಮೇಲೆ ಹುಣಸೆಹಣ್ಣು, ತೆಂಗಿನ ನಾರು, ಹಿತ್ತಲಲ್ಲಿ ಇಬ್ಬರೂ ಕುಕ್ಕರುಗಾಲಲ್ಲಿ, ಸಣ್ಣಾಂವಿದ್ದಾಗ ಇವನ ಕಿವಿ ಸಂದೀನೂ ಹಿಂಗ ಇರ್ತಿತ್ತು ನೋಡು, ಎಷ್ಟು ತಿಕ್ಕಿದರೂ ಹೋಗ್ತಿದ್ದಿಲ್ಲ, ಎಂದು ಅತ್ತೆ ನಕ್ಕರು, ನಕ್ಕೇ ತಿಕ್ಕಿದರು, ಸ್ಕ್ರೂ ಸುತ್ತಲಿನ ಕೆಂಪನ್ನು ಅರ್ಚಿತಾಳೇ ಉಗುರಿನಿಂದ ಕೆರೆದಳು, ಚಕ್ಕೆಯಾಗಿ ಎದ್ದು ಬಂತು, ಈ ಊರಲ್ಲಿ ಕೆಂಪಗಿರುವುದೆಲ್ಲ ಧೂಳೇ ಅಲ್ಲವೆ, ಧೂಳಲ್ಲ ಅದು, ಈಗ ಹೊಳೆಯುತ್ತದೆ, ಅವಳದೇ ನೇಲ್ ಪಾಲಿಶ್, ತಾನೇ ಕೊಟ್ಟದ್ದು, ಹೇಗೆ ಮರೆತಳು, ಆವತ್ತು ಬೆಳಗಿನ ಬಿಸಿಲು, ಪ್ರಾಣೇಶ ಸ್ಕ್ರೂವನ್ನು ಪೂರ್ತಿ ಬಿಗಿಮಾಡಿ ನಿಧಾನ ಸಡಿಲಿಸುತ್ತ, ಎಣಸು ಅರ್ಚೀ, ಜೋರಾಗಿ, ನನ್ನ ಕಿವಿ ಎಂಜಿನ್ನಿನ ಕಡೆ ಅದ — ಅರ್ಧ, ಒಂದು, ಒಂದೂಕಾಲು, ನಗು ಬಂದು ಲೆಕ್ಕ ತಪ್ಪುತ್ತದೆ, ಎಮ್ಮೆ ಓದಿದಾಕಿಗೆ ಎರಡರ ತನಕ ಎಣಸಲಿಕ್ಕೆ ಬರೂದಿಲ್ಲ, ಎಮ್ಮೆ ಅಲ್ಲ ಎಂ.ಎ., ಎರಡೂ ಒಂದ ತಗೋ, ಮತ್ತೆ ಮೊದಲಿನಿಂದ, ಒಂದೂವರೆಗೆ ಎಂಜಿನ್ನಿನ ಕೆಮ್ಮು ನಿಂತು ದನಿ ನುಣುಪಾಗುತ್ತದೆ, ಗುರುತಿಗೆ ಸ್ಕ್ರೂ ಮೇಲೊಂದು ಚುಕ್ಕಿ, ಅದರೆದುರಿಗೆ ಒಂದು, ಕುಂಚದಲ್ಲಿ ಉಳಿದದ್ದು ದಂಡ ಯಾಕ ಎಂದು ಅವಳ ಕೈ ಹಿಡಿದು, ಪೆಟ್ರೋಲಿನ ವಾಸನೆಯ ಕೈ, ಕಿರುಬೆರಳಿಗೆ ಹಚ್ಚುತ್ತಾನೆ, ಇದೂ ಸೆಟ್ಟಿಂಗ್ ಆತು, ಅಲುಗಾಡಬ್ಯಾಡ, ಅಡುಗೆಮನೆ ಬಾಗಿಲಲ್ಲಿ ಅತ್ತೆ, ಉಳದ ಒಂಬತ್ತು ಏನು ಪಾಪ ಮಾಡ್ಯಾವೋ — ಒಂದು ವಾರ ಅದೊಂದೇ ಉಗುರು ಕೆಂಪು.

ಪರದೆಯಲ್ಲಿ ಇನ್ನೊಂದು ಸಾಲು, ಸರ? ಕಳವಿನ ಮಾಲಾದ್ರ ಬ್ಯಾಡ್ರಿ, ನೀವು ಯಾರೋ ಏನೋ, ಪ್ರಾಣೇಶ್ ಸರಗೇ ಫೋನ್ ಹಚ್ತೀನಿ — ಹಚ್ಚಲಿ, ಆ ಫೋನು ಅತ್ತೆಯ ಪೆಟ್ಟಿಗೆಯಲ್ಲಿ ಮಲಗಿದೆ, ಅಳಿಸಿ ಬರೆದಳು, ಬರೆದು ಅಳಿಸಿದಳು, ಕೊನೆಗೆ, ಚುಕ್ಕಿ ನಾನೇ ತೊಳೆದೆ, ಧೂಳು ಅಂದುಕೊಂಡೆ, ಸ್ಕ್ರೂ ಪೂರ್ತಿ ಬಿಗಿಮಾಡಿ ಒಂದೂವರೆ ಸುತ್ತು ಬಿಚ್ಚಿರಿ, ಎಣಿಸಿದವಳು ನಾನು, ಅವರ ಹೆಂಡತಿ, ಅವರಿಲ್ಲ. ಇಲ್ಲ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏನೋ ಬೇರೆ ಭಾಷೆಯ ಹಾಗೆ, ಒತ್ತಿದಳು, ಹೋಯಿತು, ಲಾರಿ, ಫ್ಯಾನು, ಪರದೆಯಲ್ಲಿ — ಅಕ್ಕಾ. ಬರೇ ಅಷ್ಟೇ. ಆಮೇಲೆ, ತಪ್ಪಾತ್ರಿ ಅಕ್ಕಾ, ಕೊರಿಯರ್ ಬ್ಯಾಡ, ನಾಳೆ ನಾನ ಬರ್ತೀನಿ, ಚುಕ್ಕಿ ಮಾತ್ರ ನಿಮ್ಮ ಕೈಲೇ ಇಟ್ಟು ಕೊಡ್ರಿ. ನೇಲ್ ಪಾಲಿಶ್ ಬಾಟಲಿ ಅಲಮಾರಿಯಲ್ಲಿ, ಸೀರೆಗಳ ಹಿಂದೆ, ಮುಚ್ಚಳ ಕಚ್ಚಿಕೊಂಡಿರಬಹುದು, ಅತ್ತೆ ಬಿಸಿನೀರಲ್ಲಿ ಹಿಡಿದು ತೆಗೆದುಕೊಡುತ್ತಾರೆ, ಎರಡು ಚುಕ್ಕಿಗೆ ಎಷ್ಟು ಬೇಕು, ಕುಂಚದಲ್ಲಿ ಉಳಿದೇ ಉಳಿಯುತ್ತದೆ, ಉಳಿದದ್ದು — ಕೀಬೋರ್ಡಿನ ಅಂಚಿನಲ್ಲಿ ಅವಳ ಕಿರುಬೆರಳು, ಧೂಳು ಕೂತ ಉಗುರು, ಅದೊಂದೇ, ಕೆಂಪು