ಸೈನಿಕರ ವಾರ್ಡಿನ ಹಾಸಿಗೆ

“ಇನ್ನೂ ಸತ್ತಿಲ್ವೇನೋ ನೀನು? ವರ್ಷಾ ವರ್ಷಾ ಬಂದು ಪ್ರಾಣ ತಿಂತೀಯಲ್ಲೋ,” ಎನ್ನುತ್ತ ಮಿಲಿಟರಿ ಆಸ್ಪತ್ರೆಯ ಗುಮಾಸ್ತ ಹಮಾಲನ ಚೀಟಿಯನ್ನು ಮೇಜಿನ ಮೇಲೆ ಎಸೆದ.

ಹಮಾಲ ಸಾಯದೆ ಇಪ್ಪತ್ತೊಂದು ವರ್ಷವಾಗಿತ್ತು. ಯುದ್ಧದಲ್ಲಿ ಸೈನ್ಯದವರು ಅವನನ್ನು ಮನೆಯಿಂದ ಎಳೆದೊಯ್ದು, ಗುಡ್ಡದ ಮೇಲಕ್ಕೆ ಮದ್ದುಗುಂಡಿನ ಪೆಟ್ಟಿಗೆ ಹೊರಿಸಿದ್ದರು. ಅಲ್ಲಿ ಸಿಡಿದ ಒಂದೇ ಶೆಲ್ಲು ಅವನ ಬೆನ್ನುಹುರಿಯನ್ನೂ ಮುಂದೆ ನಡೆಯುತ್ತಿದ್ದ ಕ್ಯಾಪ್ಟನ್ನನದನ್ನೂ ಕತ್ತರಿಸಿತು. ಇಬ್ಬರಿಗೂ ಸೊಂಟದ ಕೆಳಗೆ ಜೀವವಿಲ್ಲ. ಆದರೆ ಅವನು ಸೈನಿಕ, ಇವನು ಕೂಲಿ. ಸೈನಿಕರ ವಾರ್ಡು ಇವನಿಗಿರಲಿಲ್ಲ; ವರ್ಷಕ್ಕೊಮ್ಮೆ ತಪಾಸಣೆ, ಅದೂ ಹೊರಗಿನ ಬೆಂಚಿನ ಮೇಲೆ ಬೋರಲು ಮಲಗಿಸಿ.

ಬೆಂಚಿನಿಂದ ಕಿಟಕಿಯಾಚೆ ಕ್ಯಾಪ್ಟನ್ನನ ಮಂಚ ಕಾಣುತ್ತಿತ್ತು. ಮಲಗಿದವರ ಮೈ ಹುಣ್ಣಾಗದಂತೆ ಪಂಪಿನಿಂದ ಉಬ್ಬಿ ತಗ್ಗುವ ಗಾಳಿಹಾಸಿಗೆ. ಇಷ್ಟು ವರ್ಷದಲ್ಲಿ ಅವನ ಮೈಮೇಲೆ ಒಂದು ಹುಣ್ಣೂ ಎದ್ದಿಲ್ಲವೆಂದು ನರ್ಸಮ್ಮ ಹೇಳಿದ್ದಳು. ಹಮಾಲನ ಬೆನ್ನಿನ ಬುಡದಲ್ಲಿ ಮುಷ್ಟಿ ಹಿಡಿಸುವಷ್ಟು ಹುಣ್ಣು. ಮೂತ್ರದ ಸೋಂಕಿನ ಜ್ವರ ವರ್ಷಕ್ಕೆ ಮೂರು ಸಲ ಅವನನ್ನು ಸಾವಿನ ಬಾಗಿಲವರೆಗೆ ಒಯ್ದು ತರುತ್ತಿತ್ತು. ಕ್ಯಾಪ್ಟನ್ನನ ಕಾಲುಗಳ ಮೇಲೆ ಅವನಿಗೆ ಮತ್ಸರವಿರಲಿಲ್ಲ, ಅವೂ ಸತ್ತವೇ. ಆ ಚರ್ಮದ ಮೇಲೆ ಹೊಟ್ಟೆಕಿಚ್ಚು. ಅದೂ ಕೊಳೆಯಲಿ ಎಂದು ಎಷ್ಟೋ ಸಲ ಬೇಡಿಕೊಂಡಿದ್ದ. ಹೆಂಡತಿಗೂ ಹೇಳಿರಲಿಲ್ಲ.

ಈ ಸಲ ಡಾಕ್ಟರು, ಹುಣ್ಣು ಮೂಳೆ ಮುಟ್ಟಿದೆ, ಗಾಳಿಹಾಸಿಗೆಯಿಲ್ಲದೆ ಮಾಯುವುದಿಲ್ಲ ಎಂದರು. ಗುಮಾಸ್ತ ನಕ್ಕು, ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಬೇರೆ ಕೇಡು ಎಂದ.

ಅಷ್ಟರಲ್ಲಿ ಕ್ಯಾಪ್ಟನ್ನನನ್ನು ಗಾಲಿಕುರ್ಚಿಯಲ್ಲಿ ಎಕ್ಸ್‌ರೇಗೆ ಕರೆದೊಯ್ದರು. ಮಂಚ ಖಾಲಿಯಾಯಿತು.

“ಎತ್ಕೊಳ್ಳೇ ನನ್ನ,” ಎಂದ ಹಮಾಲ ಪಕ್ಕದಲ್ಲಿದ್ದ ಹೆಂಡತಿಗೆ.

ಹೆಂಡತಿ ಮನೆಮನೆಯ ಬಟ್ಟೆ ಒಗೆಯುವವಳು, ತೋಳು ಗಟ್ಟಿ. ಗಂಡನ ಕಣ್ಣು ಯಾವ ಕಡೆಗಿದೆಯೆಂದು ನೋಡಿದಳು. ಎತ್ತಿಕೊಂಡು ಹೋಗಿ ಆ ಹಾಸಿಗೆಯ ಮೇಲೆ ಮಲಗಿಸಿದಳು.

ಗುಮಾಸ್ತ ಓಡಿಬಂದ. “ಇಳಿಯೋ ಬೋಳಿಮಗನೆ. ನಿಮ್ಮಪ್ಪನ ಹಾಸಿಗೇನೋ ಅದು?”

“ಕಾಲಿದ್ರೆ ಇಳೀತಿದ್ದೆ,” ಎಂದ ಹಮಾಲ.

ಗುಮಾಸ್ತ ಇಬ್ಬರು ಆಳುಗಳನ್ನು ಕೂಗಿ ಕರೆದ. ಅವರ ಹಿಂದೆಯೇ ಕ್ಯಾಪ್ಟನ್ನನ ಕುರ್ಚಿ ಬಂದು ಬಾಗಿಲಲ್ಲಿ ನಿಂತಿತು. ಮಂಚದ ಮೇಲಿದ್ದವನನ್ನು ಕ್ಯಾಪ್ಟನ್ ದಿಟ್ಟಿಸಿದ.

“ಯಾರಿವನು?”

“ನಿಮ್ಮ ಪೆಟ್ಟಿಗೆ ಹೊತ್ತೋನು, ಸ್ವಾಮಿ,” ಎಂದಳು ಹೆಂಡತಿ.

ಹಾಗೆಂದು ಗಂಡನನ್ನು ಮಗ್ಗುಲಿಗೆ ಹೊರಳಿಸಿ, ಪಟ್ಟಿ ಬಿಚ್ಚಿ, ಹುಣ್ಣನ್ನು ಬಾಗಿಲ ಕಡೆಗೆ ಮಾಡಿದಳು. ಎತ್ತಲು ಬಂದ ಆಳುಗಳು ಎಲ್ಲಿ ಕೈಹಾಕಬೇಕೆಂದು ತಿಳಿಯದೆ ನಿಂತುಬಿಟ್ಟರು.