ಎಲ್ಲಿಯ ಮಾತು, ಎಲ್ಲಿಯ ಕಣ್ಣೀರು

ಗರುಡಾಚಾರ್‌ಪಾಳ್ಯದ ಪಟಾಲಮ್ಮನ ವಠಾರದಲ್ಲಿ ನಾಲ್ಕು ದಿನದಿಂದ ನಲ್ಲಿಯ ಹತ್ತಿರ ಕೊಡದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮನೆಯೊಡತಿ ಪಟಾಲಮ್ಮ ಬಂದರೆ ಬಾಡಿಗೆಗಿದ್ದ ಶೇಷಮ್ಮ ಒಳಗೆ ಹೋಗುತ್ತಿದ್ದಳು. ಶೇಷಮ್ಮ ಬಂದರೆ ಪಟಾಲಮ್ಮನಿಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಹೀಗಾಗಿರಲಿಲ್ಲ.

ಶೇಷಮ್ಮ ಮತ್ತು ಅವಳ ಗಂಡ ಜಟ್ಟೆಪ್ಪ ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ಗಾರೆ ಕೆಲಸದ ಜಟ್ಟೆಪ್ಪ ಆಗಲೇ ಹೂಡಿಯಲ್ಲಿ ಬೇರೆ ರೂಮು ನೋಡಿಬಂದಿದ್ದ. ಭಾನುವಾರ ಸಾಮಾನು ಎತ್ತುವುದು ಎಂದೂ ಹೇಳಿಬಿಟ್ಟಿದ್ದ.

ಇಷ್ಟಕ್ಕೂ ಕಾರಣ ಒಂದು ರಿಯಾಲಿಟಿ ಶೋ. ಒಂದು ಕಡೆ ಊರಿನ ಹಳೇ ಮನೆತನದವರು, ಇನ್ನೊಂದು ಕಡೆ ಹೊರಗಿನಿಂದ ಬಂದವರು. ಅಡುಗೆ, ಹಾಡು, ಆಟ ಎಂದು ಹೇಳಿ ಕ್ಯಾಮೆರಾದವರು ಬಂದಿದ್ದರು. ಇಬ್ಬರು ಹೆಂಗಸರನ್ನೂ ಬೇರೆ ಬೇರೆ ಕೂರಿಸಿ ಗಂಟೆಗಟ್ಟಲೆ ಮಾತಾಡಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಟೀವಿಯಲ್ಲಿ ಬಂದದ್ದು ಅರ್ಧ ನಿಮಿಷದ ಪ್ರೋಮೋ. ಅದರಲ್ಲಿ ಪಟಾಲಮ್ಮ, "ಈ ಕರಿ ಜನ ಬಂದು ಊರೇ ಕೆಡ್ತು" ಅನ್ನುತ್ತಾಳೆ. ಮರುಕ್ಷಣ ಶೇಷಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ನೀವು ಯಾರ ಕಡೆ, ಈಗಲೇ ವೋಟ್ ಮಾಡಿ ಎಂದು ಒಂದು ದನಿ ಗುಡುಗುತ್ತದೆ.

ಆ ತುಣುಕು ಎಲ್ಲರ ಫೋನಿಗೂ ಬಂತು. ಕೆಳಗೆ ಜನ ಬರೆದದ್ದನ್ನು ಓದುವ ಹಾಗಿರಲಿಲ್ಲ. ಮೈಬಣ್ಣ, ಮಾತಿನ ಧಾಟಿ, ಹುಟ್ಟಿದ ಜಿಲ್ಲೆ, ಯಾವುದನ್ನೂ ಬಿಟ್ಟಿರಲಿಲ್ಲ.

ಶನಿವಾರ ಬೆಳಗ್ಗೆ ಶೇಷಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ರೊಟ್ಟಿಯ ಹಂಚು ಕೈಗೆ ಸಿಕ್ಕಾಗ ಮೊದಲ ವರ್ಷದ ಎಳ್ಳಮವಾಸ್ಯೆ ಕಣ್ಣಿಗೆ ಕಟ್ಟಿತು. ಅವಳ ಊರಲ್ಲಿ ಅವತ್ತು ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಸೊಪ್ಪು-ಕಾಳಿನ ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂತಾಯಿಗೆ ಎಡೆಯೆಂದು ಬುತ್ತಿಯ ಒಂದು ಪಾಲನ್ನು, ಅಂದರೆ ಚರಗವನ್ನು, ಬೆಳೆಗೆ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಇಲ್ಲಿ ಹೊಲ ಎಲ್ಲಿ? ಬುತ್ತಿ ಹಿಡಿದು ಬಾಗಿಲಲ್ಲಿ ಸುಮ್ಮನೆ ನಿಂತವಳನ್ನು ಪಟಾಲಮ್ಮ ಕೈ ಹಿಡಿದು ವಠಾರದ ಶೆಡ್ಡುಗಳ ಹಿಂದೆ ಕರೆದೊಯ್ದಿದ್ದಳು. ಅಲ್ಲೊಂದು ಚೂರು ಖಾಲಿ ನೆಲ ಉಳಿದಿತ್ತು. ನಮ್ಮಪ್ಪ ಇಲ್ಲೇ ರಾಗಿ ಬೆಳೀತಿದ್ದ ಎಂದು ಹೇಳಿ, ತಾನೂ ಒಂದು ಹಿಡಿ ಚರಗ ತೆಗೆದುಕೊಂಡು ಆ ಕಳೆಗಿಡಗಳ ಮೇಲೆ ಚೆಲ್ಲಿದ್ದಳು. ಈಗ ಅಲ್ಲೂ ಗೋಡೌನು ಎದ್ದಿದೆ. ಆದರೂ ಪ್ರತಿ ವರ್ಷ ಇಬ್ಬರೂ ಅದರ ಗೋಡೆಯ ಪಕ್ಕ ಚರಗ ಚೆಲ್ಲಿ, ವಾಚ್‌ಮನ್ ಶೌಕತ್‌ಗೂ ಒಂದು ರೊಟ್ಟಿ ಕೊಟ್ಟು ಬರುತ್ತಿದ್ದರು.

ಅಷ್ಟರಲ್ಲಿ ಪಟಾಲಮ್ಮನ ಸೊಸೆ ಹಂಸ ಬಂದಳು. ಅವಳು ಕೆ.ಆರ್. ಪುರದ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವಳು. ಜಟ್ಟೆಪ್ಪ ಮುಖ ತಿರುಗಿಸಿದ. "ಕಣ್ಣಿಲೆ ನೋಡೀವಿ, ಕಿವಿಲೆ ಕೇಳೀವಿ. ಇನ್ನೇನ್ ಉಳದೈತ್ರೀ?"

ಹಂಸ ಶೇಷಮ್ಮನ ಪಕ್ಕ ಕೂತು, ಅವತ್ತು ಯಾಕೆ ಅತ್ತಿರಿ ಎಂದಷ್ಟೇ ಕೇಳಿದಳು.

"ಮಗಳು ಗಂಗಾ ಹುಟ್ಟಿದಾಗ ನಮ್ಮವ್ವಗ ಬರಾಕ ಆಗಲಿಲ್ಲ. ಪಟಾಲಮ್ಮ ಅಕ್ಕಾರೇ ನೀರು ಕಾಸಿ ನನಗೂ ಕೂಸಿಗೂ ಎರೆದ್ರು, ತಿಂಗಳಗಟ್ಲೆ. ಅದನ್ನ ಹೇಳೂಮುಂದ ಅಳು ಬಂತ್ರೀ."

"ನಿಮ್ಮ ಅಳು ಆ ಜಾಗದ್ದಲ್ಲ ಅಂತ ನಿಮಗೆ ಗೊತ್ತು," ಅಂದಳು ಹಂಸ. "ನಮ್ಮತ್ತೆ ಮಾತೂ ಆ ಜಾಗದ್ದಲ್ದೆ ಇರ್ಬಹುದು ಅಂತ ಯಾಕಕ್ಕ ಅನ್ನಿಸ್ಲಿಲ್ಲ?"

ಶೇಷಮ್ಮನ ಕೈ ಚೀಲದಲ್ಲೇ ನಿಂತಿತು. ಹೌದಲ್ಲ, ತನ್ನ ಅಳುವನ್ನು ಬೇರೆಲ್ಲಿಂದಲೋ ತಂದು ಹಾಕಿದ್ದು ಗೊತ್ತಿದ್ದೂ ಅಕ್ಕನ ಮಾತು ಮಾತ್ರ ನಿಜವೆಂದು ನಂಬಿದ್ದಳು.

ಹಂಸ ತನ್ನ ಕಸುಬಿನ ಗುಟ್ಟು ಬಿಚ್ಚಿಟ್ಟಳು. ಧಾರೆಯ ಹೊತ್ತಿಗೆ ಹುಡುಗಿಯ ತಾಯಿ ಅಳದಿದ್ದರೆ, ಬೆಳಗ್ಗೆ ಹೊಗೆಗೆ ಬಂದ ಕಣ್ಣೀರನ್ನೇ ತಂದು ಅಲ್ಲಿ ಜೋಡಿಸುತ್ತಾರಂತೆ. ಫೋನಿನಲ್ಲಿ ಪ್ರೋಮೋ ನಿಲ್ಲಿಸಿ ನಿಲ್ಲಿಸಿ ತೋರಿಸಿದಳು. ಪಟಾಲಮ್ಮನ ಹಿಂದೆ ಬಟ್ಟೆಯ ಹಗ್ಗ ಖಾಲಿ. ಶೇಷಮ್ಮನ ಹಿಂದೆ ಅದೇ ಹಗ್ಗದಲ್ಲಿ ಗಂಗಾಳ ಯೂನಿಫಾರಂ ಒಣಗುತ್ತಿತ್ತು, ಅಂದರೆ ಎರಡೂ ಬೇರೆ ಬೇರೆ ಹೊತ್ತಿನವು. ಇನ್ನು ಆ ಮಾತು ಶುರುವಾಗುವ ಮುಂಚೆ ಮಡಿಲಲ್ಲಿದ್ದ ಪಟಾಲಮ್ಮನ ಕೈ, ರೆಪ್ಪೆ ಬಡಿಯುವಷ್ಟರಲ್ಲಿ ಗಲ್ಲದ ಮೇಲಿತ್ತು; ಮುಂಚಿನ ಮಾತನ್ನು ಕತ್ತರಿಸಿದ ಗುರುತು ಅದು.

ಬಾಗಿಲಲ್ಲಿ ಪಟಾಲಮ್ಮ ಬಂದು ನಿಂತಿದ್ದಳು. "ನಿಮಗೆ ರೂಮ್ ಕೊಟ್ಟಾಗ ನಮ್ಮೋರೇ ಹಂಗಂದಿದ್ರು ಕಣೆ. ಅವರಂದದ್ದನ್ನ ಹೇಳಿ, ಅಂದೋರ ಬಾಯಿ ಮುಚ್ಚಿಸ್ದೆ ಅಂತ ಕ್ಯಾಮೆರಾದೋರಿಗೆ ಹೇಳ್ದೆ. ಹಿಂದಿಂದೂ ಇಲ್ಲ, ಮುಂದಿಂದೂ ಇಲ್ಲ, ನಡುವಿಂದು ಹಾಕವ್ರೆ." ಒಳಗೆ ಬಂದು ಶೇಷಮ್ಮನ ಎದುರು ಕೂತಳು. "ನೀನು ನನ್ ಮೇಲೆ ದೂರು ಹೇಳ್ಕೊಂಡು ಅತ್ತೆ ಅನ್ಕಂಡಿದ್ದೆ."

ಜಟ್ಟೆಪ್ಪನಿಗೆ ಇನ್ನೂ ಅನುಮಾನ. ಬಡವರನ್ನು ಜಗಳಕ್ಕೆ ಹಚ್ಚಿ ಅವರಿಗೇನು ಸಿಗುತ್ತದೆ ಎಂದು ಕೇಳಿದ. ಜಗಳವಿದ್ದರೆ ಜನ ನೋಡುತ್ತಾರೆ, ಜನ ನೋಡಿದಷ್ಟೂ ರೇಟಿಂಗು, ರೇಟಿಂಗಿದ್ದರೆ ಜಾಹೀರಾತು ಎಂದಳು ಹಂಸ. "ನೀವು ನಾಳೆ ಸಾಮಾನು ಎತ್ತಿ ನೋಡಿ, ಅದನ್ನೂ ಶೂಟ್ ಮಾಡೋಕೆ ಬರ್ತಾರೆ."

ಮಧ್ಯಾಹ್ನ ಶೋದವರ ಫೋನು ಬಂತು. ಸೋಮವಾರ ಇಬ್ಬರೂ ಎದುರುಬದುರು ಕೂರಬೇಕಂತೆ. ಶೇಷಮ್ಮನೇ ಮಾತಾಡಿದಳು. "ನಾ ಅತ್ತದ್ದು ಪೂರಾ ತೋರಸ್ರಿ. ಅಕ್ಕಾರು ಅಂದದ್ದೂ ಪೂರಾ ತೋರಸ್ರಿ. ಅಲ್ಲೀತನಕ ನಾವು ಬರೂದಿಲ್ಲ." ಆ ಕಡೆಯವರು ಸಹಿಯ ಕಾಗದದ ಮಾತೆತ್ತಿದರು. ಅದರ ಪ್ರತಿ ಕಳಿಸಿ, ಓದಿ ಹೇಳುತ್ತೇವೆ ಎಂದು ಹಂಸ ಹೇಳಿಕೊಟ್ಟಳು. ಸಂಜೆಯೊಳಗೆ ಪ್ರೋಮೋ ಬಂದ ದಿನ, ಹೊತ್ತು ಬರೆದು, ಇಬ್ಬರ ಹೆಸರಲ್ಲೂ ಚಾನೆಲ್ಲಿಗೆ ದೂರು ಹೋಯಿತು. ಜಟ್ಟೆಪ್ಪ ಹೂಡಿಯವರಿಗೆ ರೂಮು ಬೇಡವೆಂದು ತಿಳಿಸಿ, ಚೀಲದ ಪಾತ್ರೆಗಳನ್ನು ತಾನೇ ತೆಗೆದು ಗೂಡಿಗೆ ಜೋಡಿಸಿದ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕ್ಯಾಮೆರಾದವರು ಬಂದರೆ ಓದದೆ ಸಹಿ ಹಾಕಬೇಡಿ, ಪ್ರತಿ ಕೇಳಿ ಇಟ್ಟುಕೊಳ್ಳಿ. ಬಣ್ಣ, ಕುಲ, ಊರು ಹಿಡಿದು ಹೀಯಾಳಿಸುವ ತುಣುಕು ಬಂದರೆ ಮುಂದಕ್ಕೆ ಕಳಿಸಬೇಡಿ, ವೋಟೂ ಹಾಕಬೇಡಿ. ಚಾನೆಲ್ಲಿಗೆ ದೂರು ಬರೆಯಿರಿ. ಪಕ್ಕದ ಮನೆಯವರು ನಿಮ್ಮನ್ನು ಏನೋ ಅಂದರು ಎಂದು ಟೀವಿ ಹೇಳಿದರೆ, ಟೀವಿ ಆರಿಸಿ, ಎದ್ದುಹೋಗಿ ಅವರನ್ನೇ ಕೇಳಿ. ನಾಲ್ಕು ಹೆಜ್ಜೆಯ ದಾರಿ ಅದು.