ಮೀನಿಗೆ ಸಕ್ಕರೆ

ಒದ್ದೆ ಬೆರಳಿಗೆ ಸಕ್ಕರೆ ಅಂಟಿದೆ, ಒರೆಸಿದಷ್ಟೂ ಜಿಗುಟು, ಲೀಬಿಶ್ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಾನೆ, ಹೋಟೆಲು ಶುರುವಾದಾಗಿನಿಂದ ಬಡಿಸುತ್ತಿರುವವನು — ಏನ್ ಯಜಮಾನ್ತಿ, ಅಣ್ಣ ಬಂದಿದಾನೆ ಅಂದ್ರೆ ಮೀನಿಗೆ ಉಪ್ಪು ನೋಡ್ತಾ ನಿಂತಿದೀರಲ್ಲ, ಹೆನೆಖ್ ಕಾರ್ಪ್ ಅಂತೆ, ಟೆಲ್ ಅವೀವಿಂದ ಬಂದಿದಾನಂತೆ, ಪೇಪರಲ್ಲಿ ನಮ್ಮ ಹೋಟ್ಲಿನ ಹೆಸರು ನೋಡಿದ್ನಂತೆ, ಕಿಟಕಿ ಪಕ್ಕ ಕೂರ್ಸಿ ಮೀನು ಕೊಟ್ಟಿದೀನಿ. ನೋಡದೆ ಏನು, ‘ಗಿಟ್ಲ್ ಕಾರ್ಪ್’, ಬಾಗಿಲ ಮೇಲೆ ಆಳೆತ್ತರದ ಅಕ್ಷರ, ಹದಿನೆಂಟು ವರ್ಷದಿಂದ ಅಮೆರಿಕದ ಈ ಡಿಲಾನ್ಸಿ ಬೀದಿಯಲ್ಲಿ ಉರಿಯುತ್ತಿರುವ ದೀಪ, ಆರು ಮೇಜು ಅರವತ್ತಾಯಿತು, ಶುಕ್ರವಾರ ಬಂದರೆ ಮೂಲೆಯ ತನಕ ಸಾಲು — ಆ ಹೆಸರು ಅವನ ತಂಗಿಯದು, ನನ್ನದಲ್ಲ, ನಾನು ಪೆಶಾ, ಕೊವ್ನೊ ಊರಿನ ಪೆಶಾ, ಬಾಯಿಬಿಟ್ಟು ಹೇಳಿ ಇಪ್ಪತ್ತಮೂರು ವರ್ಷವಾಯಿತು, ಈಗ ಮನಸ್ಸಿನಲ್ಲಿ ಹೇಳಿಕೊಂಡರೂ ಬೇರೆ ಯಾರನ್ನೋ ಕರೆದಂತಿದೆ.

ನಮ್ಮ ಮನೆಯಲ್ಲಿ ಮೀನಿಗೆ ಮೆಣಸು, ಮೂಗು ಸೋರುವಷ್ಟು, ಸಕ್ಕರೆ ಸುರಿಯುವವರು ಗಲೀಷಿಯಾ ಸೀಮೆಯವರು, ಮೀನಿಗೆ ಸಕ್ಕರೆ ಹಾಕೋರ ಜೊತೆ ಬೀಗತನ ಬೇಡಮ್ಮಾ, ಅಮ್ಮ ಹೇಳುತ್ತಿದ್ದಳು, ಜರ್ಮನರು ಯಹೂದಿಗಳನ್ನು ಕೂಡಿಹಾಕಿದ ಶಿಬಿರದಲ್ಲಿ, ಮಲಗುವ ಹಲಗೆಯ ಮೇಲೆ ನನ್ನ ಪಕ್ಕಕ್ಕೆ ಬಂದಳಲ್ಲ ಗಲೀಷಿಯಾದ ಗಿಟ್ಲ್, ಹಸಿವು ತಡೆಯದೆ ಹೆಂಗಸರೆಲ್ಲ ಬಾಯಲ್ಲೇ ಅಡುಗೆ ಮಾಡುತ್ತಿದ್ದೆವು, ಅವಳದು ಯಾವಾಗಲೂ ಮೀನು, ಎರಡು ಚಮಚ ಕಣೇ, ಒಂದಲ್ಲ, ಬಾಯಲ್ ಮಾಡೋ ಅಡುಗೇಲೂ ಸಕ್ಕರೆ ಉಳಿಸ್ತೀಯಲ್ಲ ಜಿಪುಣಿ, ನಗು ಬರುತ್ತಿತ್ತು, ಅಲ್ಲೂ ನಗು ಬರುತ್ತಿತ್ತು. ಅಣ್ಣನನ್ನ ರಷ್ಯದೋರು ಹಿಡ್ಕೊಂಡ್ ಹೋದ್ರು, ಅಲ್ಲೇ ಹಿಮದಲ್ಲಿ ಮುಗ್ದೋದ ಅನ್ಸುತ್ತೆ, ಅವಳೇ ಹೇಳಿದ್ದು. ಯುದ್ಧ ಮುಗಿದು ಶಿಬಿರದ ಬೇಲಿ ಕಿತ್ತ ಮೇಲೆ ಸತ್ತಳು, ಒಂಬತ್ತು ದಿನ ಜ್ವರ, ಹತ್ತನೆಯ ದಿನ ಪಟ್ಟಿ ಹಿಡಿದವನು ಬಂದ, ಗಿಟ್ಲ್ ಕಾರ್ಪ್ ಯಾರು, ಅಮೆರಿಕದಲ್ಲಿರೋ ಚಿಕ್ಕಪ್ಪ ಹುಡುಕಿಸ್ತಿದಾರೆ, ನನ್ನ ಕೈ ಮೇಲೆದ್ದಿತು, ಕೈಯೇ ತಾನಾಗಿ ಎದ್ದಿತು ಅಂತ ಇಷ್ಟು ವರ್ಷ ಹೇಳಿಕೊಂಡೆ, ಸುಳ್ಳು, ಎತ್ತಿದವಳು ನಾನು. ಹಾಗಾದ್ರೆ ಇಲ್ಲಿ ಸತ್ತೋಳು? ಪೆಶಾ, ಅಂದೆ, ಬರೆದುಕೊಂಡ. ನನ್ನವರು ಯಾರಾದರೂ ಉಳಿದು ನನ್ನನ್ನು ಹುಡುಕಿದ್ದರೆ ಆ ಒಂದು ಗೆರೆ ಓದಿ ಹುಡುಕುವುದನ್ನೇ ಬಿಟ್ಟಿರುತ್ತಾರೆ. ಚಿಕ್ಕಪ್ಪ ಗಿಟ್ಲಳ ಮುಖ ಕಂಡವನಲ್ಲ, ಅವಳು ಹುಟ್ಟುವ ಮೊದಲೇ ಹಡಗು ಹತ್ತಿದವನು, ಮೊದಲ ಶುಕ್ರವಾರ ನನ್ನ ಮೀನು ತಿಂದು ಕಣ್ಣೊರೆಸಿಕೊಂಡ, ನಮ್ಮ ಅತ್ತಿಗೆ ಕೈರುಚಿ ಕಣಮ್ಮ ಇದು, ಆಮೇಲೆ ಆರು ಮೇಜಿನ ಈ ಹೋಟೆಲನ್ನು ನನ್ನ ಹೆಸರಿಗೇ ಬರೆದ, ಅವಳ ಹೆಸರಿಗೆ.

ಲೀಬಿಶ್ ಮತ್ತೆ ಬಂದ, ಪೂರ್ತಿ ತಿಂದ ಯಜಮಾನ್ತಿ, ರೊಟ್ಟೀಲಿ ತಟ್ಟೆ ಒರೆಸ್ದ, ನಮ್ಮಮ್ಮನ ಮೀನು, ನನ್ನ ತಂಗಿ ಬಿಟ್ರೆ ಯಾರಿಗೂ ಬರಲ್ಲ ಅಂತಾನೆ, ಅಳ್ತಾ ನಗ್ತಾ ಕೂತಿದಾನೆ, ಗಿರಾಕಿಗಳೆಲ್ಲ ನೋಡ್ತಿದಾರೆ, ಬನ್ನಿ ಬೇಗ. ಹಿತ್ತಲ ಬಾಗಿಲಿದೆ, ಕೋಟು ಮೊಳೆಗೆ ತೂಗುತ್ತಿದೆ, ಓಡಿದರೆ ಅವನು ನಾಳೆ ಬರುತ್ತಾನೆ, ನಾಡಿದ್ದೂ ಬರುತ್ತಾನೆ, ನಾನು ಎದುರು ಹೋಗಿ ನಿಲ್ಲುವ ತನಕ ಅವನಿಗೊಬ್ಬ ತಂಗಿ ಇದ್ದಾಳೆ, ಇನ್ನರ್ಧ ನಿಮಿಷ ಇರಲಿ, ಅವಳನ್ನು ಒಮ್ಮೆ ಮಣ್ಣು ಮಾಡಿ ಬಂದವಳು ನಾನು, ಈಗ ಅವನ ಕಣ್ಣೆದುರೇ ಇನ್ನೊಮ್ಮೆ — ಭಯ, ಭಯಕ್ಕಿಂತ ನಾಚಿಕೆ — ಲೀಬಿಶ್ ತಟ್ಟೆಗಳ ಸಮೇತ ಭುಜದಿಂದ ಬಾಗಿಲು ತಳ್ಳಿದ, ತೆರೆದ ಬಾಗಿಲಲ್ಲಿ ನಾನು, ಹೆನೆಖ್ ಎದ್ದು ನಿಂತ, ಕುರ್ಚಿ ಹಿಂದಕ್ಕೆ ಬಿತ್ತು, ನನ್ನ ಮುಖ ನೋಡಿದ, ಮರ್ಯಾದೆಯಿಂದ ತಲೆ ಬಾಗಿಸಿದ, ಅಡುಗೆಯವಳು ಅಂದುಕೊಂಡ, ನಗು ಹಾಗೇ ಇದೆ, ನನ್ನ ಭುಜದ ಆಚೆ ನೋಡುತ್ತಿದ್ದಾನೆ, ಒಲೆಯ ಕಡೆ, ಹಬೆಯ ಕಡೆ, ಅವಳು ಬರುವ ಕಡೆ, ನಗುತ್ತಲೇ, ನನ್ನ ಭುಜದ ಆಚೆ, ಇನ್ನೂ ನೋಡುತ್ತಿದ್ದಾನೆ.